ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಸಹಾಯಕ ಕೋಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಹೆಡ್ ಕೋಚ್‌ಗಳ ಹೆಸರು ಬಾಯಿಪಾಠ. ಅವರ ಪಕ್ಕ ಕೂತವರ ಬಗ್ಗೆ ಮಾತ್ರ ಬರೀ ಪ್ರಶ್ನೆಗಳು. ಆಡುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೋಚಿಂಗ್‌ಗೆ ಇಳಿಯಬೇಕು ಅನ್ನುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಮೊದಲು ಕೇಳುವುದು

ಸಹಾಯಕ ಕೋಚ್ ಅಂದ್ರೆ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟೋರು ತಾನೇ?

ಟಿವಿಯಲ್ಲಿ ಕಾಣುವುದು ಅಷ್ಟೇ. ಉಳಿದ ಕೆಲಸ ಕ್ಯಾಮೆರಾಗೆ ಸಿಗುವುದಿಲ್ಲ.

ಅದರಲ್ಲಿ ಮೂರು ಪಾಲು. ಮೊದಲನೆಯದು ರಿಕ್ರೂಟಿಂಗ್. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವವರನ್ನು ಹುಡುಕಬೇಕು, ಮನೆಯವರ ಜತೆ ಮಾತಾಡಬೇಕು, ತಮ್ಮ ಕಾಲೇಜಿಗೆ ಒಪ್ಪಿಸಿ ಕರೆತರಬೇಕು. ಎರಡನೆಯದು ಸ್ಕೌಟಿಂಗ್. ಒಂದು ಸೀಸನ್ನಿನಲ್ಲಿ ಸುಮಾರು 30 ಪಂದ್ಯ ಇರುತ್ತವೆ. ಅವನ್ನು ಸಹಾಯಕರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ತಮ್ಮ ಪಾಲಿಗೆ ಬಂದ ಎದುರಾಳಿಯ ವಿಡಿಯೋಗಳನ್ನು ನೋಡಿ, ಯಾರು ಎಡಗೈ, ಯಾರು ಒತ್ತಡ ಬಂದರೆ ಚೆಂಡು ಕೈಬಿಡುತ್ತಾರೆ ಅಂತೆಲ್ಲ ತಂಡಕ್ಕೆ ವಿವರಿಸಬೇಕು. ಮೂರನೆಯದು ನಮ್ಮ ವಿಷಯ: ಈಗಾಗಲೇ ತಂಡದಲ್ಲಿ ಇರುವವರನ್ನು ಇನ್ನೂ ಒಳ್ಳೆ ಆಟಗಾರರನ್ನಾಗಿ ಬೆಳೆಸುವುದು.

ಬಹಳ ವರ್ಷ ಒಂದು ತಂಡಕ್ಕೆ ಮೂವರೇ ಸಹಾಯಕರು. ಮೂವರೂ ಮೂರೂ ಕೆಲಸ ಮಾಡಬೇಕಿತ್ತು. 2023ರಲ್ಲಿ ಇನ್ನಿಬ್ಬರನ್ನು ಸೇರಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಆದರೆ ಆ ಇಬ್ಬರು ಕ್ಯಾಂಪಸ್ ಬಿಟ್ಟು ರಿಕ್ರೂಟಿಂಗ್‌ಗೆ ಹೋಗುವ ಹಾಗಿಲ್ಲ ಅನ್ನುವ ಷರತ್ತಿತ್ತು. ಊರೂರು ಸುತ್ತದೆ, ಅಂಗಳದಲ್ಲೇ ಇದ್ದು ಆಟ ಕಲಿಸುವವರಿಗೆ ಇದರಿಂದ ಒಂದು ಕುರ್ಚಿ ಸಿಕ್ಕಿತು. ನನ್ನ ಕಣ್ಣಿಗೆ ಈ ವೃತ್ತಿಯಲ್ಲಿ ಇತ್ತೀಚೆಗೆ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದೂ ಒಂದು.

ಕಾಲೇಜು ಮಕ್ಕಳ ಆಟಕ್ಕೆ ಅಲ್ಲಿ ಯಾಕಿಷ್ಟು ಗದ್ದಲ?

ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅತಿ ಮೇಲಿನ ದರ್ಜೆ, ಅಂದರೆ ಡಿವಿಷನ್ ಒಂದರಲ್ಲೇ 350ಕ್ಕೂ ಜಾಸ್ತಿ ಕಾಲೇಜುಗಳಿವೆ. ಮಾರ್ಚ್‌ನಲ್ಲಿ ನಡೆಯುವ ರಾಷ್ಟ್ರೀಯ ಟೂರ್ನಿ 1939ರಲ್ಲಿ ಎಂಟು ತಂಡಗಳಿಂದ ಶುರುವಾಗಿ, 2011ಕ್ಕೆ 68ಕ್ಕೆ ಏರಿತು. ಒಂದು ಸಲ ಸೋತರೆ ಅವತ್ತೇ ಮನೆಗೆ. ವೃತ್ತಿಪರ ತಂಡ ಇಲ್ಲದ ಎಷ್ಟೋ ಊರುಗಳಲ್ಲಿ ಕಾಲೇಜಿನ ತಂಡವೇ ಊರಿನ ತಂಡ.

ಪ್ರಾಕ್ಟೀಸ್ ಮಾಡಿಸೋದಕ್ಕೂ ಆಟಗಾರರನ್ನ ಬೆಳೆಸೋದಕ್ಕೂ ಏನು ವ್ಯತ್ಯಾಸ?

ಪ್ರಾಕ್ಟೀಸ್ ನಡೆಯುವುದು ತಂಡಕ್ಕಾಗಿ. ಮುಂದಿನ ಪಂದ್ಯ ಗೆಲ್ಲಬೇಕು, ಹನ್ನೆರಡು ಹದಿಮೂರು ಜನ ಒಟ್ಟಿಗೆ ಓಡಬೇಕು. ಬೆಳೆಸುವುದು ಒಬ್ಬೊಬ್ಬರಿಗೆ ಬೇರೆ ಬೇರೆ. ಇವನಿಗೆ ಎಡಗೈ ಬರಲ್ಲ, ಅವನ ಕಾಲು ತಡವಾಗಿ ತಿರುಗುತ್ತದೆ, ಇನ್ನೊಬ್ಬನಿಗೆ ಎಲ್ಲ ಬರುತ್ತದೆ ಆದರೆ ಸುಸ್ತಾಗಿಬಿಡುತ್ತಾನೆ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮುಂದಿನ ಪಂದ್ಯಕ್ಕೆ ಇದರಿಂದ ಏನೂ ಸಿಗದೇ ಹೋಗಬಹುದು.

ಇದರ ಹಳೆಯ ಉದಾಹರಣೆ ಜಾರ್ಜ್ ಮೈಕನ್. ಆರಡಿ ಹತ್ತಿಂಚು ಎತ್ತರ, ದಪ್ಪ ಕನ್ನಡಕ, ಎಡವಟ್ಟು ನಡಿಗೆ. 1942ರಲ್ಲಿ ಷಿಕಾಗೋದ ಡಿಪಾಲ್ ಕಾಲೇಜಿಗೆ ಕೋಚ್ ಆಗಿ ಬಂದ ರೇ ಮೇಯರ್, ಅದಕ್ಕೆ ಮುಂಚೆ ನೋಟರ್ ಡೇಮ್‌ನಲ್ಲಿ ಸಹಾಯಕರಾಗಿದ್ದವರು. ಅವರು ಮೈಕನ್‌ಗೆ ಹಗ್ಗ ಜಿಗಿಸಿದರು, ಗಾಳಿಗೆ ಗುದ್ದುವ ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸ್ ಕೂಡ ಕಲಿಸಿದರು. ಬುಟ್ಟಿಯ ಕೆಳಗೆ ಒಮ್ಮೆ ಬಲಗೈ ಒಮ್ಮೆ ಎಡಗೈ ಅಂತ ನಿಲ್ಲಿಸದೆ ಚೆಂಡು ಹಾಕಿಸಿದರು. ಆ ಹುಡುಗ ಮುಂದೆ ತನ್ನ ಕಾಲದ ಅತಿ ದೊಡ್ಡ ಆಟಗಾರನಾದ. ಆ ಅಭ್ಯಾಸಕ್ಕೆ ಇವತ್ತಿಗೂ ‘ಮೈಕನ್ ಡ್ರಿಲ್’ ಅನ್ನುವ ಹೆಸರೇ ಉಳಿದಿದೆ.

ದಿನವಿಡೀ ಆಡಿಸಿದರೆ ಎಲ್ಲರೂ ಬೆಳೀತಾರೆ, ಅಲ್ವಾ?

ದಿನವಿಡೀ ಆಡಿಸುವ ಹಾಗಿಲ್ಲ. ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಒಂದು ದಿನ ಪೂರ್ತಿ ರಜೆ. ಇದು ಎನ್‌ಸಿಎಎ ನಿಯಮ. ಒಂದು ಪಂದ್ಯ ಆಡಿದರೆ ಲೆಕ್ಕಕ್ಕೆ ಮೂರು ಗಂಟೆ. ಸೀಸನ್ ಮುಗಿದ ಮೇಲೆ ವಾರಕ್ಕೆ ಎಂಟು ಗಂಟೆ, ಅದರಲ್ಲಿ ಕೋಚ್ ಎದುರು ಆಟದ ಕೌಶಲಕ್ಕೆ ಸಿಗುವುದು ನಾಲ್ಕು ಗಂಟೆ ಮಾತ್ರ.

ಹುಡುಗ ತಾನಾಗಿಯೇ ರಾತ್ರಿ ಬಂದು ಶೂಟ್ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಆದರೆ ಬರಲೇಬೇಕು ಅಂತ ಯಾರೂ ಹೇಳುವಂತಿಲ್ಲ. ಹೇಳದೆಯೇ ಬರುವ ಹಾಗೆ ಮಾಡುವ ಕೋಚ್‌ಗಳೂ ಇದ್ದಾರೆ. ಆ ಕಲೆಗೆ ಯಾವ ಕೋರ್ಸೂ ಇಲ್ಲ.

## ಅಂಗಳದಲ್ಲಿ

ಎತ್ತರ ಇದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತೆ ಅಂತಾರಲ್ಲ?

ಝಾಕ್ ಈಡಿಯನ್ನು ನೋಡಿ ತುಂಬಾ ಜನ ಹೀಗೆ ಅನ್ನುತ್ತಾರೆ. ಏಳಡಿ ನಾಲ್ಕಿಂಚಿನ ಹುಡುಗ ಕೈ ಎತ್ತಿದರೆ ಸಾಕು, ಇನ್ನೇನು ಕಲಿಸುವುದು?

ಈಡಿ ಕೆನಡಾದ ಟೊರಾಂಟೊದವನು. ಚಿಕ್ಕಂದಿನಲ್ಲಿ ಐಸ್ ಹಾಕಿ, ಬೇಸ್‌ಬಾಲ್ ಆಡಿದವನು. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹೈಸ್ಕೂಲಿನಲ್ಲಿ, ತಡವಾಗಿ. ಕಾಲೇಜು ಸೇರುವ ಹೊತ್ತಿಗೆ ಅವನ ಬ್ಯಾಚಿನ ರ್‍ಯಾಂಕ್ ಪಟ್ಟಿಯಲ್ಲಿ 400ರ ಆಚೆ ಇದ್ದ. ಎತ್ತರವೇ ಸಾಕಾಗಿದ್ದರೆ ಅವನನ್ನು ಅಷ್ಟು ಕೆಳಗೆ ಯಾರು ಇಡುತ್ತಿದ್ದರು? ಅವನು ಸೇರಿದ್ದು ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಎತ್ತರದ ಆಟಗಾರರನ್ನು ನೋಡಿಕೊಳ್ಳುತ್ತಿದ್ದವರು ಸಹಾಯಕ ಕೋಚ್ ಬ್ರ್ಯಾಂಡನ್ ಬ್ರ್ಯಾಂಟ್ಲಿ. ತಾವೂ 90ರ ದಶಕದಲ್ಲಿ ಅದೇ ಕಾಲೇಜಿಗೆ ಆಡಿದವರು. ಈಡಿಗಿಂತ ಮುಂಚೆ ಐಸಾಕ್ ಹಾಸ್, ಕೇಲೆಬ್ ಸ್ವಾನಿಗನ್, ಟ್ರೆವಿಯನ್ ವಿಲಿಯಮ್ಸ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಅದೇ ಕಾಲೇಜಿನಲ್ಲಿ ಬೆಳೆದಿದ್ದರು.

ಈಡಿಯ ಸರಾಸರಿ ಅಂಕ ಮೊದಲ ವರ್ಷ 8.7, ಎರಡನೇ ವರ್ಷ 14.4, ಮೂರನೇ ವರ್ಷ 22.3, ನಾಲ್ಕನೇ ವರ್ಷ 25.2. ಈ ಏರಿಕೆಯನ್ನಷ್ಟೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಆಡಿದ ನಿಮಿಷಗಳನ್ನೂ ನೋಡಿ. ಎರಡನೇ ವರ್ಷ ಪಂದ್ಯಕ್ಕೆ 19 ನಿಮಿಷ, ಮೂರನೇ ವರ್ಷ ಸುಮಾರು 32. ನಿಮಿಷಕ್ಕೆ ಎಷ್ಟು ಅಂಕ ಅಂತ ಭಾಗಿಸಿದರೆ ಎರಡನೇ ವರ್ಷದಲ್ಲೇ ಅವನು ಪೂರ್ತಿ ತಯಾರಾಗಿದ್ದ. ಆಮೇಲೆ ಬದಲಾದದ್ದು ಅಂಗಳದಲ್ಲಿ ನಿಲ್ಲುವ ಶಕ್ತಿ. ಅಷ್ಟು ದೊಡ್ಡ ದೇಹ ಹೊತ್ತು ಆ ತುದಿಯಿಂದ ಈ ತುದಿಗೆ ಓಡುತ್ತಾ, ಫೌಲ್ ಮಾಡದೆ, 32 ನಿಮಿಷ ಉಳಿಯುವುದು ಸಣ್ಣ ಮಾತಲ್ಲ. ಅದೇ ಜಾಗದಲ್ಲಿ ಆಡುತ್ತಿದ್ದ ವಿಲಿಯಮ್ಸ್ ಆ ಹೊತ್ತಿಗೆ ಕಾಲೇಜು ಮುಗಿಸಿ ಹೋಗಿದ್ದರು, ಅದೂ ಒಂದು ಕಾರಣ. 2023 ಮತ್ತು 2024, ಎರಡೂ ವರ್ಷ ಈಡಿ ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 2024ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಮೆಂಫಿಸ್ ತಂಡಕ್ಕೆ ಹೋದ.

ಎತ್ತರದವರಿಗೆ ಕಲಿಸುವುದು ಹೆಚ್ಚಾಗಿ ಬೇಜಾರು ತರಿಸುವ ಸಣ್ಣ ಸಂಗತಿಗಳನ್ನೇ. ಚೆಂಡು ಕೈಗೆ ಬಂದ ಮೇಲೆ ಗದ್ದದಿಂದ ಕೆಳಗೆ ಇಳಿಸಬೇಡ, ಇಳಿಸಿದರೆ ಗಿಡ್ಡ ಆಟಗಾರ ಬಂದು ಕಿತ್ತುಕೊಳ್ಳುತ್ತಾನೆ. ಚೆಂಡು ಬರುವ ಮೊದಲೇ ಎದುರಾಳಿಯನ್ನು ಬೆನ್ನಿಂದ ತಡೆದು ಜಾಗ ಹಿಡಿ. ಎರಡೂ ಭುಜದ ಮೇಲಿಂದ ಹುಕ್ ಶಾಟ್ (ಒಂದೇ ಕೈಯನ್ನು ತಲೆಯ ಮೇಲಿಂದ ಬಾಗಿಸಿ ಹಾಕುವ ಶಾಟ್) ಹಾಕು. ಕೇಳಲು ಇಷ್ಟೇ. ಮೈಗೆ ಹತ್ತಲು ವರ್ಷಗಳು ಬೇಕು.

ಹುಡುಗಿಯರ ಆಟದಲ್ಲೂ ಇಂಥ ಕೋಚ್‌ಗಳು ಇದ್ದಾರಾ?

ಇದ್ದಾರೆ. ಈ ವೃತ್ತಿ ಹೇಗಿರುತ್ತದೆ ಅಂತ ಒಬ್ಬರನ್ನೇ ತೋರಿಸು ಅಂದರೆ ನಾನು ಜ್ಯಾನ್ ಜೆನ್ಸನ್ ಅವರನ್ನು ತೋರಿಸುತ್ತೇನೆ.

ಜೆನ್ಸನ್ ಅಯೋವಾ ರಾಜ್ಯದವರು. ಅಲ್ಲಿ ಹೈಸ್ಕೂಲು ಹುಡುಗಿಯರು ಬಹಳ ಕಾಲ ಒಂದು ತಂಡಕ್ಕೆ ಆರು ಜನರ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಮೂವರು ಅಂಕ ಗಳಿಸುವವರು, ಮೂವರು ತಡೆಯುವವರು, ಯಾರೂ ಅಂಗಳದ ನಡುಗೆರೆ ದಾಟುವಂತಿಲ್ಲ. 1993ರವರೆಗೂ ಆ ಪದ್ಧತಿ ಉಳಿದಿತ್ತು. ಜೆನ್ಸನ್ ಬೆಳೆದದ್ದು ಆ ಆಟದಲ್ಲೇ. ಆಮೇಲೆ ಡ್ರೇಕ್ ವಿಶ್ವವಿದ್ಯಾಲಯಕ್ಕೆ ಆಡಿ, 1990-91ರ ಸೀಸನ್ನಿನಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದರು. ಆ ವರ್ಷ ಅವರ ಕೋಚ್ ಆಗಿದ್ದವರು ಲೀಸಾ ಬ್ಲೂಡರ್. ಮುಂದೆ ಜೆನ್ಸನ್ ಅದೇ ಬ್ಲೂಡರ್ ಅವರಿಗೆ ಸಹಾಯಕರಾದರು. 2000ದಲ್ಲಿ ಇಬ್ಬರೂ ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದರು. 2024ರಲ್ಲಿ ಬ್ಲೂಡರ್ ನಿವೃತ್ತಿ ಆಗುವವರೆಗೂ ಜೆನ್ಸನ್ ಸಹಾಯಕರ ಕುರ್ಚಿ ಬಿಡಲಿಲ್ಲ.

ಅವರ ಪಾಲಿನ ಕೆಲಸ ಪೋಸ್ಟ್ ಆಟಗಾರ್ತಿಯರು, ಅಂದರೆ ಬುಟ್ಟಿಯ ಹತ್ತಿರ ಆಡುವವರು. ಮೇಗನ್ ಗಸ್ಟಫ್‌ಸನ್ ವಿಸ್ಕಾನ್ಸಿನ್‌ನ ಪೋರ್ಟ್ ವಿಂಗ್ ಅನ್ನುವ ಪುಟ್ಟ ಊರಿನಿಂದ ಬಂದ ಹುಡುಗಿ, ಎತ್ತರ ಆರಡಿ ಮೂರಿಂಚು. ಪೋಸ್ಟ್ ಆಡುವವರಲ್ಲಿ ಅದೇನೂ ಭಾರಿ ಎತ್ತರವಲ್ಲ. ಆಕೆ 2018, 2019 ಎರಡೂ ವರ್ಷ ಸರಾಸರಿ ಅಂಕದಲ್ಲಿ ದೇಶಕ್ಕೇ ಮೊದಲಿಗಳಾದಳು. ಕೊನೆಯ ವರ್ಷ ಹಾಕಿದ ಶಾಟ್‌ಗಳಲ್ಲಿ ಶೇಕಡ 70ರ ಹತ್ತಿರ ಒಳಗೆ ಬಿದ್ದವು. 2019ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ ಕೊಡುವ ನೇಸ್ಮಿತ್ ಪ್ರಶಸ್ತಿ ಸಿಕ್ಕಿತು. ಆಕೆ ಹೋದ ಮೇಲೆ ಅದೇ ಜಾಗಕ್ಕೆ ಮೋನಿಕಾ ಸಿನಾನೊ ಬಂದಳು. ಅವಳೂ ಮೂರರಲ್ಲಿ ಎರಡು ಶಾಟ್ ಹಾಕುವ ಆಟಗಾರ್ತಿಯಾದಳು. ಅದೇ ತಂಡದ ತಾರೆ ಕೇಟ್ಲಿನ್ ಕ್ಲಾರ್ಕ್ ಕೊಟ್ಟ ಪಾಸ್‌ಗಳನ್ನು ಜಗತ್ತೆಲ್ಲ ನೋಡಿತು. ಎಷ್ಟೋ ಸಲ ಆ ಪಾಸ್ ಹಿಡಿದು ಅಂಕ ಮಾಡಿದವಳು ಸಿನಾನೊ.

ಒಬ್ಬರು ಬೆಳೆದರೆ ಅದೃಷ್ಟ ಅನ್ನಬಹುದು. ಅದೇ ಜಾಗಕ್ಕೆ ಬಂದ ಇನ್ನೊಬ್ಬರೂ ಅದೇ ರೀತಿ ಬೆಳೆದರೆ ಕಲಿಸಿದವರ ಕಡೆ ತಿರುಗಿ ನೋಡಬೇಕಾಗುತ್ತದೆ. ಬ್ಲೂಡರ್ ನಿವೃತ್ತಿಯ ದಿನವೇ ಜೆನ್ಸನ್ ಹೆಡ್ ಕೋಚ್ ಆದರು.

ಗಂಡಸರ ತಂಡಕ್ಕೆ ಹೆಂಗಸರು ಕೋಚ್ ಆಗಿದ್ದು ಉಂಟಾ?

ಉಂಟು. 1990ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಹೆಡ್ ಕೋಚ್ ರಿಕ್ ಪಿಟಿನೊ ತಮ್ಮ ಗಂಡಸರ ತಂಡಕ್ಕೆ ಬರ್ನಡೆಟ್ ಲಾಕ್ ಅವರನ್ನು ಸಹಾಯಕ ಕೋಚ್ ಆಗಿ ತೆಗೆದುಕೊಂಡರು. ಮುಂದೆ ಅವರು ಅಲ್ಲೇ ಹೆಂಗಸರ ತಂಡದ ಹೆಡ್ ಕೋಚ್ ಆದರು. ಆ ಬಾಗಿಲು ಇವತ್ತಿಗೂ ಪೂರ್ತಿ ತೆರೆದಿಲ್ಲ. ಹೆಂಗಸರ ತಂಡಕ್ಕೆ ಗಂಡಸರು ಕೋಚ್ ಆದರೆ ಮಾತ್ರ ಯಾರೂ ಹುಬ್ಬೇರಿಸುವುದಿಲ್ಲ.

ಶೂಟಿಂಗ್ ಹುಟ್ಟಿನಿಂದ ಬರೋದಾ, ಕಲಿಸಬಹುದಾ?

ಕಲಿಸಬಹುದು, ಆದರೆ ಒಂದು ಮಿತಿಯೊಳಗೆ. ಸ್ವಲ್ಪ ಲೆಕ್ಕ ನೋಡಿ. ರಿಂಗಿನ ಅಗಲ 18 ಇಂಚು. ಗಂಡಸರ ಚೆಂಡಿನ ಅಗಲ ಸುಮಾರು ಒಂಬತ್ತೂವರೆ ಇಂಚು. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಕಾಣುವ ಬಾಯಿ ಸುಮಾರು ಹನ್ನೆರಡೂವರೆ ಇಂಚು. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಒಂಬತ್ತೇ ಇಂಚು. ಅಂದರೆ ರಿಂಗಿಗೆ ತಾಗದೆ ನೇರ ಒಳಗೆ ಹೋಗಲು ಜಾಗವೇ ಇಲ್ಲ. ಆದ್ದರಿಂದಲೇ ‘ಚೆಂಡು ಎತ್ತರಕ್ಕೆ ಬಿಡು’ ಅಂತ ಕೋಚ್ ತಲೆ ತಿನ್ನುವುದು. ಈಗ ಪ್ರತಿ ಶಾಟಿನ ಕೋನ ಹೇಳುವ ಕ್ಯಾಮೆರಾಗಳೂ ಬಂದಿವೆ. ಹಾಕಿದ ಚೆಂಡನ್ನು ಬಲೆಯಲ್ಲಿ ಹಿಡಿದು ತಿರುಗಿ ಪಾಸ್ ಕೊಡುವ ಯಂತ್ರಗಳೂ ದೊಡ್ಡ ಕಾಲೇಜುಗಳ ಜಿಮ್‌ನಲ್ಲಿ ಮಾಮೂಲು.

ಆದರೆ ಕೈಯನ್ನು ತಿದ್ದುವುದಕ್ಕಿಂತ ಕಾಲನ್ನು ತಿದ್ದುವುದು ಜಾಸ್ತಿ ಫಲ ಕೊಡುತ್ತದೆ. ಪಾಸ್ ಬರುವ ಮೊದಲೇ ಪಾದ ಸರಿಯಾಗಿ ನಿಂತಿರಬೇಕು. ಸುಮ್ನೆ ನಿಂತು ನೂರು ಶಾಟ್ ಹಾಕಿದರೆ ಪಂದ್ಯದಲ್ಲಿ ಉಪಯೋಗ ಕಡಿಮೆ. ಓಡಿ ಬಂದು, ತಿರುಗಿ, ಎದುರಿಗೆ ಒಬ್ಬರು ಕೈ ಎತ್ತಿ ನಿಂತಿರುವಾಗ ಹಾಕಬೇಕು. ಇಪ್ಪತ್ತು ವರ್ಷದ ಹುಡುಗನ ಮಣಿಕಟ್ಟನ್ನು ಪೂರ್ತಿ ಬದಲಿಸಲು ಹೊರಟರೆ ಎಷ್ಟೋ ಸಲ ಇದ್ದದ್ದೂ ಹೋಗುತ್ತದೆ. ಒಳ್ಳೆಯ ಕೋಚ್ ಒಂದೋ ಎರಡೋ ವಿಷಯ ಆರಿಸಿಕೊಂಡು ಉಳಿದದ್ದನ್ನು ಮುಟ್ಟುವುದಿಲ್ಲ.

ಹುಡುಗ ಮಾತೇ ಕೇಳದಿದ್ದರೆ?

ಕೋಪ ಮಾಡಿಕೊಳ್ಳಲು ಹೆಡ್ ಕೋಚ್ ಇದ್ದಾರೆ. ಇವನು ಇವತ್ತು ಆಡುತ್ತಾನೋ ಇಲ್ಲವೋ ಅನ್ನುವುದು ಅವರ ತೀರ್ಮಾನ. ಹಾಗಾಗಿ ಹುಡುಗರು ಅವರ ಎದುರು ಬಾಯಿ ಬಿಡುವುದಿಲ್ಲ. ಸಹಾಯಕರ ಹತ್ತಿರ ಬಿಡುತ್ತಾರೆ. ಮನೆಯಲ್ಲಿ ಅಪ್ಪನಿಗೆ ಹೇಳದ್ದನ್ನು ಚಿಕ್ಕಪ್ಪನಿಗೆ ಹೇಳುವ ಹಾಗೆ.

ವಿಡಿಯೋ ಇಲ್ಲಿ ದೊಡ್ಡ ಸಹಾಯ. ‘ನೀನು ಡಿಫೆನ್ಸ್‌ನಲ್ಲಿ ಓಡಲ್ಲ’ ಅಂದರೆ ಜಗಳ. ಅವನು ಓಡದ ಆರು ತುಣುಕು ತೋರಿಸಿ ಸುಮ್ಮನೆ ಕೂತರೆ ಅವನೇ ಮಾತಾಡುತ್ತಾನೆ. ಓಡಿದ ಎರಡು ತುಣುಕನ್ನೂ ಜತೆಗೆ ಇಟ್ಟಿರಬೇಕು, ಅದು ಮುಖ್ಯ. ಆಮೇಲೂ ಕೇಳದವರು ಇರುತ್ತಾರೆ. ಎಲ್ಲರೂ ಬೆಳೆಯುವುದಿಲ್ಲ.

ಈಗ ಎಲ್ಲರಿಗೂ ಸ್ವಂತ ಟ್ರೇನರ್ ಇರ್ತಾರೆ. ಮತ್ತೆ ಕಾಲೇಜು ಕೋಚ್ ಯಾಕೆ?

ಹೊರಗಿನ ಗುರುಗಳು ಹೊಸಬರೇನಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 1959ರ ಪ್ರಶಸ್ತಿ, ಅಮೆರಿಕಕ್ಕೆ 1960ರ ಒಲಿಂಪಿಕ್ ಚಿನ್ನ ಗೆಲ್ಲಿಸಿದ ಪೀಟ್ ನ್ಯೂವೆಲ್ ಆ ಮೇಲೆ ತಂಡಗಳ ಕೋಚಿಂಗ್ ಬಿಟ್ಟರು. 1976ರಲ್ಲಿ ಕರ್ಮಿಟ್ ವಾಷಿಂಗ್ಟನ್ ಅನ್ನುವ ಎನ್‌ಬಿಎ ಆಟಗಾರ ಸಹಾಯ ಕೇಳಿಕೊಂಡು ಬಂದ. ಅವನಿಗೆ ಕಾಲಿನ ಚಲನೆ ಹೇಳಿಕೊಟ್ಟರು. ಅಲ್ಲಿಂದ ಶುರುವಾದದ್ದು ಎತ್ತರದ ಆಟಗಾರರ ಹೆಸರಾಂತ ಶಿಬಿರ.

ಇವತ್ತಿನ ಟ್ರೇನರ್‌ಗಳಲ್ಲೂ ಜಾಣರಿದ್ದಾರೆ. ಆದರೆ ಟ್ರೇನರ್‌ಗೆ ಹುಡುಗ ಗಿರಾಕಿ. ಹುಡುಗನಿಗೆ ಇಷ್ಟವಾದದ್ದನ್ನು ಕಲಿಸುವ ಆಸೆ ಇದ್ದೇ ಇರುತ್ತದೆ. ತಂಡದಲ್ಲಿ ಅವನಿಂದ ಬೇಕಿರುವುದು ಐದು ಡ್ರಿಬಲ್ ಮಾಡಿ ಹಿಂದೆ ಹಾರಿ ಹಾಕುವ ಶಾಟ್ ಅಲ್ಲ, ಒಂದು ಸರಿಯಾದ ಸ್ಕ್ರೀನ್ ಇರಬಹುದು, ಅಂದರೆ ಜತೆಗಾರನಿಗೆ ಜಾಗ ಸಿಗುವ ಹಾಗೆ ಎದುರಾಳಿಗೆ ಅಡ್ಡ ನಿಲ್ಲುವುದು. ಅದನ್ನು ಹೇಳಬೇಕಾದವರು ಸಹಾಯಕ ಕೋಚ್. ಬುದ್ಧಿವಂತರು ಟ್ರೇನರ್ ಜತೆ ಗುದ್ದಾಡುವುದಿಲ್ಲ, ಫೋನ್ ಮಾಡಿ ಮಾತಾಡುತ್ತಾರೆ.

## ದುಡ್ಡು, ಬಡ್ತಿ, ಬದುಕು

ನಾನು ದೊಡ್ಡ ಆಟಗಾರ ಏನಲ್ಲ. ಈ ಕೆಲಸಕ್ಕೆ ಸೇರಬಹುದಾ?

ಸೇರಬಹುದು. ಮಾರ್ಕ್ ಫ್ಯೂ ಕಾಲೇಜು ತಂಡಕ್ಕೆ ಆಡಿದವರೇ ಅಲ್ಲ. 1989ರಲ್ಲಿ ಗೊನ್ಝಾಗ ವಿಶ್ವವಿದ್ಯಾಲಯಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್ (ಓದುತ್ತಲೇ ಕೋಚ್‌ಗಳಿಗೆ ನೆರವಾಗುವವರು) ಆಗಿ ಸೇರಿದರು, 1999ರಲ್ಲಿ ಹೆಡ್ ಕೋಚ್ ಆದರು. ಲಾರೆನ್ಸ್ ಫ್ರ್ಯಾಂಕ್ ಇಂಡಿಯಾನಾದಲ್ಲಿ ಬಾಬ್ ನೈಟ್ ಅವರ ತಂಡದ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದವರು, ಅಂದರೆ ಟವೆಲ್, ನೀರು, ಚೆಂಡು ನೋಡಿಕೊಳ್ಳುವ ಹುಡುಗ. ಅವರು 2004ರಲ್ಲಿ ಎನ್‌ಬಿಎ ತಂಡಕ್ಕೇ ಹೆಡ್ ಕೋಚ್ ಆದರು.

ಮಾಮೂಲಿ ದಾರಿ ಹೀಗೆ: ಓದುವಾಗ ಮ್ಯಾನೇಜರ್, ಆಮೇಲೆ ಮಾಸ್ಟರ್ಸ್ ಮಾಡುತ್ತಾ ಗ್ರಾಜುಯೇಟ್ ಅಸಿಸ್ಟೆಂಟ್, ಆಮೇಲೆ ವಿಡಿಯೋ ಕೆಲಸ, ಆಮೇಲೆ ಸಣ್ಣ ಕಾಲೇಜಿನಲ್ಲಿ ಸಹಾಯಕ. ಆಡಿದ ಅನುಭವ ಇದ್ದರೆ ಹುಡುಗರ ನಂಬಿಕೆ ಬೇಗ ಸಿಗುತ್ತದೆ. ಇಲ್ಲದವರು ಅದನ್ನು ಕೆಲಸದಿಂದ ಸಂಪಾದಿಸಬೇಕು.

ಸಂಬಳ ಎಷ್ಟು?

ಇದಕ್ಕೆ ಒಂದು ಉತ್ತರ ಇಲ್ಲ. ದೊಡ್ಡ ಕಾಲೇಜುಗಳಲ್ಲಿ ಸಹಾಯಕರಿಗೂ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಸಿಗುತ್ತದೆ. ಸಣ್ಣ ಕಾಲೇಜುಗಳಲ್ಲಿ ಬಾಡಿಗೆ ಕಟ್ಟುವುದೇ ಕಷ್ಟ. ಗ್ರಾಜುಯೇಟ್ ಅಸಿಸ್ಟೆಂಟ್‌ಗೆ ಹೆಚ್ಚಾಗಿ ಫೀಸು ಮನ್ನಾ, ಕೈಖರ್ಚಿಗೆ ಒಂದಿಷ್ಟು.

ಇದರ ಹಿಂದೆ ಒಂದು ಕೋರ್ಟು ಕಥೆಯೂ ಇದೆ. 1991ರಲ್ಲಿ ಎನ್‌ಸಿಎಎ ಖರ್ಚು ತಗ್ಗಿಸುವ ನೆಪದಲ್ಲಿ ಒಂದು ದರ್ಜೆಯ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್‌ಗಿಂತ ಜಾಸ್ತಿ ಕೊಡಬಾರದು ಅಂತ ನಿಯಮ ಮಾಡಿತು. ಕೋಚ್‌ಗಳು ಕೋರ್ಟಿಗೆ ಹೋದರು. ಕಾಲೇಜುಗಳೆಲ್ಲ ಸೇರಿ ಸಂಬಳಕ್ಕೆ ಮಿತಿ ಹಾಕುವುದು ಕಾನೂನುಬಾಹಿರ ಅಂತ ತೀರ್ಪಾಯಿತು. 1999ರಲ್ಲಿ 5.45 ಕೋಟಿ ಡಾಲರ್‌ಗೆ ರಾಜಿ ಆಯಿತು. ಅದೇ ಕಾಲಕ್ಕೆ ಹೆಡ್ ಕೋಚ್‌ಗಳ ಸಂಬಳಕ್ಕೆ ಯಾವ ಮಿತಿಯೂ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ.

ಹೆಡ್ ಕೋಚ್‌ನ ತೆಗೆದು ಹಾಕಿದರೆ ಇವರ ಗತಿ?

ಸಾಮಾನ್ಯವಾಗಿ ಇವರೂ ಮನೆಗೆ. ಹೊಸಬರು ತಮ್ಮ ಜನರನ್ನು ಕರೆತರುತ್ತಾರೆ. ಪ್ರತಿ ವರ್ಷ ಗಂಡಸರ ಟೂರ್ನಿಯ ಕೊನೆಯ ಹಂತ ನಡೆಯುವ ಊರಿನಲ್ಲೇ ಕೋಚ್‌ಗಳ ಸಂಘದ ಸಮಾವೇಶವೂ ಇರುತ್ತದೆ. ಅಲ್ಲಿನ ಹೋಟೆಲ್ ಲಾಬಿಗಳಲ್ಲಿ ಮಾತು ಆಟದ್ದಕ್ಕಿಂತ ಕೆಲಸದ್ದೇ ಜಾಸ್ತಿ. ಮಕ್ಕಳ ಶಾಲೆ, ಮನೆ ಸಾಲ ಇರುವವರು ಇದನ್ನು ಮೊದಲೇ ಯೋಚಿಸಬೇಕು.

ಚೆನ್ನಾಗಿ ಕಲಿಸೋರು ಒಳ್ಳೆ ಹೆಡ್ ಕೋಚ್ ಆಗ್ತಾರಾ?

ಆಗಬಹುದು, ಆಗದೆಯೂ ಇರಬಹುದು. ಕೆನಿ ಪೇನ್ 2010ರಿಂದ 2020ರವರೆಗೆ ಕೆಂಟಕಿಯಲ್ಲಿ ಹೆಡ್ ಕೋಚ್ ಜಾನ್ ಕ್ಯಾಲಿಪಾರಿಗೆ ಸಹಾಯಕರು. ಮುಂದೆ ಎನ್‌ಬಿಎ ತಾರೆಯರಾದ ಆಂಟನಿ ಡೇವಿಸ್, ಕಾರ್ಲ್-ಆಂಟನಿ ಟೌನ್ಸ್, ಬ್ಯಾಮ್ ಅಡೆಬಾಯೊ ಅಲ್ಲಿ ಇದ್ದದ್ದು ಆ ವರ್ಷಗಳಲ್ಲೇ. ಎತ್ತರದ ಆಟಗಾರರನ್ನು ತಯಾರು ಮಾಡುವುದರಲ್ಲಿ ಪೇನ್ ಹೆಸರು ದೊಡ್ಡದು. 2022ರಲ್ಲಿ ತಾವು ಆಡಿ ಚಾಂಪಿಯನ್ ಆಗಿದ್ದ ಲೂಯಿವಿಲ್‌ಗೇ ಹೆಡ್ ಕೋಚ್ ಆಗಿ ಬಂದರು. ಎರಡು ವರ್ಷದಲ್ಲಿ 12 ಗೆಲುವು, 52 ಸೋಲು. ಕೆಲಸ ಹೋಯಿತು. ಆಮೇಲೆ ಅರ್ಕನ್ಸಾದಲ್ಲಿ ಮತ್ತೆ ಕ್ಯಾಲಿಪಾರಿ ಪಕ್ಕ ಸಹಾಯಕರಾದರು.

ಟಾಮಿ ಲಾಯ್ಡ್ ಕಥೆ ತದ್ವಿರುದ್ಧ. ಎರಡು ದಶಕ ಗೊನ್ಝಾಗದಲ್ಲಿ ಸಹಾಯಕರು. ಡೊಮಾಂಟಸ್ ಸಬೋನಿಸ್, ರೂಯಿ ಹಚಿಮುರ ಥರದ ಹೊರದೇಶದ ಹುಡುಗರನ್ನು ಕರೆತಂದವರು. 2021ರಲ್ಲಿ ಅರಿಜೋನಾಕ್ಕೆ ಹೆಡ್ ಕೋಚ್ ಆಗಿ ಹೋಗಿ ಮೊದಲ ಸೀಸನ್ನಿನಲ್ಲೇ 33 ಪಂದ್ಯ ಗೆದ್ದರು.

ಒಬ್ಬ ಹುಡುಗನ ಕಾಲು ತಿದ್ದುವುದು, ಇಡೀ ತಂಡ ಕಟ್ಟುವುದು, ದುಡ್ಡು ಕೊಡುವವರನ್ನು ಒಲಿಸುವುದು ಬೇರೆ ಬೇರೆ ವಿದ್ಯೆಗಳು. ಪೇನ್ ಸೋತದ್ದರಿಂದ ಅವರು ಕಲಿಸಿದ್ದು ಸುಳ್ಳಾಗುವುದಿಲ್ಲ.

ಕೊನೆವರೆಗೂ ಸಹಾಯಕರಾಗೇ ಉಳಿದರೆ ಸೋಲು ತಾನೇ?

ನಾನು ಒಪ್ಪುವುದಿಲ್ಲ. ಬಿಲ್ ಗತ್ರಿಜ್ ನಾರ್ತ್ ಕ್ಯಾರೊಲಿನಾದಲ್ಲಿ ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕ 30 ವರ್ಷ ಕೂತಿದ್ದರು. ಸ್ಮಿತ್ 1997ರಲ್ಲಿ ನಿವೃತ್ತರಾದಾಗ ಗತ್ರಿಜ್‌ಗೆ 60 ವರ್ಷ. ಮೂರು ಸೀಸನ್ ಹೆಡ್ ಕೋಚ್ ಆಗಿದ್ದು, ಎರಡು ಸಲ ತಂಡವನ್ನು ಕೊನೆಯ ನಾಲ್ಕಕ್ಕೆ ಒಯ್ದು, ಸಾಕು ಅಂತ ಎದ್ದು ಹೋದರು. ಕ್ರಿಸ್ ಡೇಲಿ 1985ರಲ್ಲಿ ಹೆಡ್ ಕೋಚ್ ಜೀನೊ ಆರಿಯೆಮ್ಮ ಜತೆ ಕನೆಟಿಕಟ್ ಹೆಂಗಸರ ತಂಡಕ್ಕೆ ಬಂದರು. ಆ ತಂಡ 2025ರವರೆಗೆ 12 ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಅಷ್ಟೂ ಸಲ ಡೇಲಿ ಎರಡನೇ ಕುರ್ಚಿಯಲ್ಲೇ ಇದ್ದರು. ಬಡ್ತಿ ಸಿಗದವರು ಬೇರೆ, ಬೇಡ ಅಂದವರು ಬೇರೆ.

## ಸ್ವಲ್ಪ ಆಳಕ್ಕೆ

ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಬೆಳೆಸಿ ಏನು ಪ್ರಯೋಜನ? ಬೆಳೆದವರು ಬೇರೆ ಕಡೆ ಹೋಗ್ತಾರಲ್ಲ?

ಈಗ ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ಹಿನ್ನೆಲೆ ಇಷ್ಟು: ಕಾಲೇಜು ಬದಲಿಸಲು ಬಯಸುವವರ ಹೆಸರು ಸೇರಿಸುವ ಪೋರ್ಟಲ್ 2018ರಲ್ಲಿ ಶುರುವಾಯಿತು. ಮುಂಚೆ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಹಾಗೆ ಕೂರದೆ ಬದಲಿಸಲು ಬಿಟ್ಟರು, 2024ರಿಂದ ಎಷ್ಟು ಸಲ ಬೇಕಾದರೂ ಹೋಗಬಹುದು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರಿಂದ ಕಾಲೇಜೇ ನೇರ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಆಟ ಸೇರಿ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್.

ಹಾಗಾಗಿ ಸಣ್ಣ ಕಾಲೇಜಿನ ಸಹಾಯಕ ಕೋಚ್ ಎರಡು ವರ್ಷ ಕಷ್ಟಪಟ್ಟು ಒಬ್ಬನನ್ನು ತಯಾರು ಮಾಡಿದರೆ, ಮೂರನೇ ವರ್ಷ ಅವನು ದೊಡ್ಡ ಕಾಲೇಜಿನ ಜರ್ಸಿಯಲ್ಲಿ ಇರುತ್ತಾನೆ. ನೋವು ನಿಜ. ಈಡಿಯ ಹಾಗೆ ನಾಲ್ಕು ವರ್ಷ ಒಂದೇ ಕಡೆ ಉಳಿಯುವವರು ಕಡಿಮೆಯಾಗಿದ್ದಾರೆ.

ಆದರೂ ಬೆಳೆಸುವ ಕೆಲಸದ ಬೆಲೆ ಬಿದ್ದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಮೂರು ಕಾರಣಕ್ಕೆ. ಹುಡುಗರು ಈಗ ‘ಇಲ್ಲಿ ಬಂದರೆ ನಾನು ಎಷ್ಟು ಸುಧಾರಿಸುತ್ತೇನೆ’ ಅಂತ ಕೇಳಿಯೇ ಕಾಲೇಜು ಆರಿಸುತ್ತಾರೆ, ಯಾಕೆಂದರೆ ಸುಧಾರಿಸಿದರೆ ಮುಂದಿನ ವರ್ಷವೇ ದುಡ್ಡು. ತಮ್ಮನ್ನು ಬೆಳೆಸಿದ ಕೋಚ್ ಇರುವ ಕಡೆಯೇ ಉಳಿಯುವವರೂ ಇದ್ದಾರೆ. ಆ ಕೋಚ್ ಬೇರೆ ಕಾಲೇಜಿಗೆ ಹೋದರೆ ಹಿಂದೆಯೇ ಹೋಗುವವರೂ ಇದ್ದಾರೆ. ಇನ್ನು ಮೂರನೆಯದು, ಬೇರೆ ಕಡೆಯಿಂದ ಬಂದವನಿಗೆ ಕಲಿಸಲು ಸಿಗುವುದು ಕೆಲವೇ ತಿಂಗಳು. ಅಷ್ಟರಲ್ಲಿ ಏನು ತಿದ್ದಬಹುದು, ಏನು ಮುಟ್ಟಬಾರದು ಅಂತ ಬೇಗ ತೀರ್ಮಾನಿಸುವವರಿಗೆ ಬೇಡಿಕೆ ಏರಿದೆ.

ಕೋಚ್‌ಗಳು ಲಂಚದ ಕೇಸಲ್ಲಿ ಸಿಕ್ಕಿಬಿದ್ದಿದ್ದು ನಿಜವಾ?

ನಿಜ. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಾಲ್ಕು ದೊಡ್ಡ ಕಾಲೇಜುಗಳ ನಾಲ್ವರು ಸಹಾಯಕ ಕೋಚ್‌ಗಳನ್ನು ಬಂಧಿಸಿತು. ತಮ್ಮ ಆಟಗಾರರನ್ನು ಇಂಥ ಏಜೆಂಟ್, ಇಂಥ ಹಣಕಾಸು ಸಲಹೆಗಾರರ ಕಡೆ ತಿರುಗಿಸಲು ದುಡ್ಡು ತೆಗೆದುಕೊಂಡರು ಅನ್ನುವುದು ಆರೋಪ. ನಾಲ್ವರೂ ತಪ್ಪೊಪ್ಪಿಕೊಂಡರು. ಹುಡುಗರು ಯಾರ ಮಾತು ಕೇಳುತ್ತಾರೋ ಅವರ ಹತ್ತಿರವೇ ದಲ್ಲಾಳಿಗಳು ಬರುತ್ತಾರೆ.

ಕೋಚೇ ಬೆಳೆಸಿದರು ಅಂತ ಹೇಗೆ ಹೇಳೋದು? ವಯಸ್ಸಾದ ಹಾಗೆ ಎಲ್ಲರೂ ಸುಧಾರಿಸ್ತಾರಲ್ಲ?

ಬಹಳ ಒಳ್ಳೆಯ ಅನುಮಾನ. ಹದಿನೆಂಟರ ಹುಡುಗ ಇಪ್ಪತ್ತೆರಡಕ್ಕೆ ಗಟ್ಟಿಯಾಗುತ್ತಾನೆ, ಯಾರು ಕಲಿಸದಿದ್ದರೂ. ವಿಸ್ಕಾನ್ಸಿನ್‌ನ ಫ್ರ್ಯಾಂಕ್ ಕಮಿನ್ಸ್‌ಕಿ ಮೊದಲ ವರ್ಷ ಪಂದ್ಯಕ್ಕೆ 1.8 ಅಂಕ, ನಾಲ್ಕನೇ ವರ್ಷ 18.8, 2015ರಲ್ಲಿ ದೇಶದ ಅತ್ಯುತ್ತಮ ಆಟಗಾರ. ಇದರಲ್ಲಿ ಕೋಚ್‌ಗಳ ಪಾಲೆಷ್ಟು, ಅವನ ಪಾಲೆಷ್ಟು, ವಯಸ್ಸಿನದ್ದೆಷ್ಟು ಅಂತ ಯಾರೂ ಅಳೆದು ಕೊಡಲಾರರು.

ನಾನು ನೋಡುವುದು ಬೇರೆ. ತಂಡದ ಎಂಟನೇ, ಒಂಬತ್ತನೇ ಆಟಗಾರ ಸುಧಾರಿಸಿದ್ದಾನಾ? ಹೊಸದಾಗಿ ಕಲಿತ ಒಂದು ನಿರ್ದಿಷ್ಟ ವಿದ್ಯೆ ಪಂದ್ಯದಲ್ಲಿ ಕಾಣುತ್ತಿದೆಯಾ, ಉದಾಹರಣೆಗೆ ಹೋದ ವರ್ಷ ಇಲ್ಲದ ಎಡಗೈ? ಒಬ್ಬ ಕೋಚ್ ಕಾಲೇಜು ಬದಲಿಸಿದ ಮೇಲೂ ಅಲ್ಲಿನ ಹುಡುಗರಲ್ಲಿ ಅದೇ ಗುಣ ಕಾಣಿಸುತ್ತದಾ? ಹಾಗಿದ್ದರೆ ಹೆಸರು ಸುಮ್ನೆ ಬಂದದ್ದಲ್ಲ. ಎನ್‌ಬಿಎಗೆ ಹೋದವರ ಫೋಟೋ ಗೋಡೆಯ ಮೇಲೆ ಹಾಕಿಕೊಳ್ಳುವುದು ಸುಲಭ. ಬೆಳೆಯದೆ ಹೋದವರ ಫೋಟೋ ಯಾರೂ ಹಾಕುವುದಿಲ್ಲ.

## ನಮ್ಮ ಕಡೆಯವರು ಕೇಳುವುದು

ಕರ್ನಾಟಕದಿಂದ ಅಲ್ಲಿಗೆ ಹೋಗೋಕೆ ಆಗುತ್ತಾ?

ಆಡಲು ಹೋದವರಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ಡಿವಿಷನ್ ಒಂದರ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದರು. ಕೋಚಿಂಗ್‌ಗೆ ಇರುವ ನೇರ ದಾರಿ ಮಾಸ್ಟರ್ಸ್ ಓದಲು ಹೋಗಿ, ಅಲ್ಲಿನ ತಂಡದಲ್ಲಿ ಮ್ಯಾನೇಜರ್ ಅಥವಾ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ ಕೇಳುವುದು. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಕೋಚಿಂಗ್ ಅಷ್ಟಕ್ಕೇ ನಿಲ್ಲುವ ಕೆಲಸವಲ್ಲ, ಹಾಗಾಗಿ ಲೆಕ್ಕ ಎಚ್ಚರಿಕೆಯಿಂದ ಇಡಬೇಕು. ಮುಂದೆ ಕೆಲಸ ಸಿಕ್ಕರೆ ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿ ಇಲ್ಲ, ಅದೊಂದು ಅನುಕೂಲ. ಆದರೆ ಒಬ್ಬ ಕಿರಿಯ ಕೋಚ್‌ಗಾಗಿ ಅಷ್ಟು ಕಾಗದಪತ್ರ ಮಾಡಲು ಕಾಲೇಜು ಒಪ್ಪಬೇಕಲ್ಲ.

ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ನಮ್ಮಲ್ಲಿ ಕೆಲಸ ಕೊಡಿಸುತ್ತದೆ. ಅಲ್ಲಿ ಅದಕ್ಕಿಂತ ನೀವೇ ಮಾಡಿದ ಒಳ್ಳೆಯ ಸ್ಕೌಟಿಂಗ್ ವರದಿ ಜಾಸ್ತಿ ಕೆಲಸ ಮಾಡುತ್ತದೆ.

ನಮ್ಮ ಕಾಲೇಜಲ್ಲಿ ಒಬ್ಬರೇ ಪಿಇ ಸರ್, ಒಂದು ಸಿಮೆಂಟ್ ಕೋರ್ಟ್. ಇದರಲ್ಲಿ ನಮಗೇನು ಬಳಸೋಕಾಗುತ್ತೆ?

ಯಂತ್ರ, ಕ್ಯಾಮೆರಾ ಬಿಡಿ. ಸೀನಿಯರ್ ಒಬ್ಬನನ್ನೋ, ಹಳೆಯ ವಿದ್ಯಾರ್ಥಿನಿ ಒಬ್ಬಳನ್ನೋ ಆರಿಸಿ, ಅವರಿಗೆ ಮೂವರು ಆಟಗಾರರನ್ನು ಮಾತ್ರ ವಹಿಸಿ. ಇಡೀ ತಂಡವನ್ನಲ್ಲ. ಒಬ್ಬೊಬ್ಬರಿಗೂ ಆ ತಿಂಗಳಿಗೆ ಒಂದೇ ಗುರಿ ಕೊಡಿ. ಪ್ರಾಕ್ಟೀಸ್‌ಗೆ ಮುಂಚೆ ಇಪ್ಪತ್ತು ನಿಮಿಷ ಸಾಕು. ಮೊಬೈಲನ್ನು ಕಂಬಕ್ಕೆ ಕಟ್ಟಿ ವಿಡಿಯೋ ಮಾಡಿ, ಅವತ್ತೇ ತೋರಿಸಿ. ಫ್ರೀ ಥ್ರೋಗಳನ್ನು ಮೊದಲೇ ಹಾಕಿಸಬೇಡಿ, ಓಡಿ ಸುಸ್ತಾದ ಮೇಲೆ ಹತ್ತು ಹಾಕಿಸಿ, ಎಷ್ಟು ಬಿತ್ತು ಅಂತ ಬರೆದಿಡಿ. ಟೂರ್ನಿ ಹತ್ತಿರ ಬಂದಾಗ ಮಾತ್ರ ಶುರು ಮಾಡಿದರೆ ಇದ್ಯಾವುದೂ ನಡೆಯುವುದಿಲ್ಲ. ಜೂನ್‌ನಲ್ಲಿ ಮಳೆ ಬಂದು ಕೋರ್ಟ್ ಜಾರುತ್ತಿದ್ದರೆ ಶೂಟಿಂಗ್ ಬಿಟ್ಟು, ವರಾಂಡದಲ್ಲೇ ಕಾಲಿನ ತಿರುವು ಮತ್ತು ಗೋಡೆಗೆ ಪಾಸ್ ಮಾಡಿಸಿ.